ಹಾಲಿ ಎಲೆಯೊಳಗಿನ ಸುರಂಗವಾಸಿ

ಬ್ರಿಟನ್ನಿನಲ್ಲಿ ಹಿತ್ತಿಲಿಗೆ ಹಾಲಿ ಗಿಡ ತಂದು ನೆಟ್ಟವರ ಮೊದಲ ದೂರು ಹಣ್ಣಿನದು. ಕ್ರಿಸ್‌ಮಸ್ ಹೊತ್ತಿಗೆ ಕೆಂಪು ಗೊಂಚಲು ತೂಗಲಿ ಎಂದು ಬೆಳೆಸಿದರೆ ಬರೀ ಮುಳ್ಳೆಲೆ. ಇಲೆಕ್ಸ್ ಅಕ್ವಿಫೋಲಿಯಮ್ ಎಂಬ ಈ ಪ್ರಭೇದದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಅದೂ ಆಸುಪಾಸಿನಲ್ಲಿ ಗಂಡು ಗಿಡವಿದ್ದು, ಜೇನ್ನೊಣಗಳು ಪರಾಗ ಹೊತ್ತು ತಂದರೆ. ನರ್ಸರಿಯ ಹೆಸರನ್ನು ನೆಚ್ಚಿಕೊಳ್ಳುವಂತಿಲ್ಲ: ‘ಗೋಲ್ಡನ್ ಕಿಂಗ್’ ಹೆಣ್ಣು, ‘ಸಿಲ್ವರ್ ಕ್ವೀನ್’ ಗಂಡು! ಒಂದೇ ಗಿಡಕ್ಕೆ ಜಾಗವಿದ್ದವರಿಗೆ ‘ಜೆ. ಸಿ. ವ್ಯಾನ್ ಟೋಲ್’ ತಳಿ ಆದೀತು, ಅದಕ್ಕೆ ಜೋಡಿ ಬೇಕಿಲ್ಲ.

ಎರಡನೆಯ ದೂರು ಎಲೆಯ ಮೇಲಿನ ಮಚ್ಚೆಗಳದು. ಚಳಿಗಾಲ ಮುಗಿಯುತ್ತಾ ಬಂದಂತೆ ಕಡುಹಸಿರು ಎಲೆಗಳ ಮೇಲೆ ಹಳದಿಯೋ ಕಂದೋ ಬಣ್ಣದ, ಅಂಚು ಸರಿಯಿಲ್ಲದ ಕಲೆಗಳು ಕಾಣಿಸುತ್ತವೆ. ರೋಗ ತಗುಲಿತೆಂದು ಗಾಬರಿಯಾಗಿ ಔಷಧ ಹುಡುಕುವವರೇ ಹೆಚ್ಚು. ಅದು ರೋಗವಲ್ಲ. ಎಲೆಯೊಳಗೆ ಒಂದು ನೊಣದ ಮರಿ ಸಂಸಾರ ಹೂಡಿದೆ.

ನೊಣದ ಹೆಸರು ಫೈಟೊಮೈಜಾ ಇಲಿಸಿಸ್. ನಮ್ಮ ಟೊಮೆಟೊ ಬೆಳೆಗಾರರು ರಂಗೋಲಿ ಹುಳು ಎಂದು ಬೈಯುವ ಕೀಟದ ಕುಟುಂಬಕ್ಕೇ ಸೇರಿದ್ದು. ರಂಗೋಲಿ ಹುಳು ಹತ್ತಾರು ಬೆಳೆಗಳಿಗೆ ಬಾಯಿ ಹಾಕುತ್ತದೆ. ಇದಕ್ಕೆ ಮಾತ್ರ ಹಾಲಿ ಬಿಟ್ಟರೆ ಬೇರೆ ಊಟವಿಲ್ಲ. ಆ ಊಟವೂ ಸುಲಭದ್ದಲ್ಲ. ಹಾಲಿ ಎಲೆಯ ಮುಳ್ಳು ಜಿಂಕೆ, ದನಗಳನ್ನು ದೂರವಿಟ್ಟರೆ, ಮೇಲಿನ ಮೇಣದಂಥ ದಪ್ಪ ಪದರ ಹುಳುಗಳನ್ನು ದೂರವಿಡುತ್ತದೆ. ಚಿಗುರು ಮೆತ್ತಗಿರುವುದು ಮೇ-ಜೂನ್ ತಿಂಗಳಲ್ಲಿ ಕೆಲವೇ ವಾರ. ಹೆಣ್ಣು ನೊಣ ಅಷ್ಟರೊಳಗೆ ಬಂದು, ಎಳೆಯೆಲೆಯ ತಳಭಾಗದಲ್ಲಿ, ತೊಟ್ಟಿನ ಹತ್ತಿರದ ನಡುನರದೊಳಗೆ ಮೊಟ್ಟೆ ತೂರಿಸಬೇಕು. ತಡವಾದರೆ ಎಲೆ ಬಲಿತುಬಿಡುತ್ತದೆ.

ಮೊಟ್ಟೆಯೊಡೆದ ಮರಿ ಬೇಸಿಗೆ, ಶರತ್ಕಾಲವನ್ನೆಲ್ಲ ಆ ನಡುನರದಲ್ಲೇ ಕಳೆಯುತ್ತದೆ. ಹೊರಗಿನವರಿಗೆ ಏನೂ ಗೊತ್ತಾಗದು. ಹೊರಗೆಲ್ಲ ಕೊರೆಯುವ ಚಳಿ ಇಳಿದಾಗ ಅದು ನರದಿಂದ ಎಲೆಯ ಹರವಿಗೆ ದಾಟಿ, ಮೇಲ್ಸಿಪ್ಪೆಯ ಕೆಳಗಿನ ಹಸಿರು ತಿರುಳನ್ನು ಕೆರೆದು ತಿನ್ನತೊಡಗುತ್ತದೆ. ತಿಂದ ಜಾಗ ಪೊಳ್ಳಾಗುತ್ತದೆ, ಮಚ್ಚೆ ಅದೇ.

ಇಲ್ಲಿಂದಾಚೆಯ ಕೆಲಸ ನನಗೆ ಬಹಳ ಇಷ್ಟ. ಬೆಳೆದ ನೊಣಕ್ಕೆ ಕಡಿಯುವ ದವಡೆಯಿಲ್ಲ. ಕೋಶದಿಂದ ಹೊರಬಿದ್ದ ಮೇಲೆ ಹಾಲಿ ಎಲೆಯ ಗಟ್ಟಿ ಸಿಪ್ಪೆ ಹರಿಯುವುದು ಅದರಿಂದಾಗದು. ಹಾಗಾಗಿ ಮರಿಯೇ ಕೋಶ ಕಟ್ಟುವ ಮುನ್ನ, ಬಾಯಿಯ ಕೊಕ್ಕೆಗಳಿಂದ ಸಿಪ್ಪೆಯ ಒಂದು ತುಣುಕನ್ನು ಒಳಗಿನಿಂದ ತೆಳುವಾಗಿ ಕೆರೆದು ಬಾಗಿಲು ಸಿದ್ಧಮಾಡಿಡುತ್ತದೆ. ವಸಂತದ ಕೊನೆಗೆ ನೊಣದ ಹಣೆಯಲ್ಲಿ ಒಂದು ಚೀಲ ಬಲೂನಿನಂತೆ ಉಬ್ಬಿ ಆ ಬಾಗಿಲನ್ನು ತಳ್ಳುತ್ತದೆ. ಹೊರಬಂದ ಮೇಲೆ ಚೀಲ ತಲೆಯೊಳಗೆ ಸೇದಿಕೊಂಡು, ಮತ್ತೆಂದೂ ಬಳಕೆಗೆ ಬಾರದು.

ಆದರೆ ಎಷ್ಟೋ ಮರಿಗಳು ಬಾಗಿಲವರೆಗೆ ಬರುವುದೇ ಇಲ್ಲ, ಮತ್ತು ಅದರ ಲೆಕ್ಕ ಎಲೆಯಲ್ಲೇ ಉಳಿದಿರುತ್ತದೆ. ಒಂದು ಲೆನ್ಸ್ ಹಿಡಿದು ನೋಡಿ. ಮಚ್ಚೆಯ ಮೇಲೆ ಅಡ್ಡಾದಿಡ್ಡಿ ಮುಕ್ಕೋನದ ಹರಕು ಇದ್ದರೆ ಬ್ಲೂ ಟಿಟ್ ಹಕ್ಕಿ ಚಳಿಗಾಲದಲ್ಲಿ ಸಿಪ್ಪೆ ಹರಿದು ಹುಳುವನ್ನು ಹೆಕ್ಕಿಕೊಂಡಿದೆ. ಸೂಜಿಯಿಂದ ಚುಚ್ಚಿದಂಥ ಸಣ್ಣ, ದುಂಡನೆಯ ತೂತಿದ್ದರೆ ಅಲ್ಲಿಂದ ಹೊರಬಂದದ್ದು ನೊಣವಲ್ಲ, ಕಣಜ. ಕ್ರೈಸೊಕ್ಯಾರಿಸ್ ಜೆಮ್ಮಾ ಎಂಬ ಪುಟ್ಟ ಕಣಜ ಎಲೆಯ ಹೊರಗಿನಿಂದಲೇ ಮರಿಯ ಮೈಗೆ ಮೊಟ್ಟೆಯಿಡುತ್ತದೆ. ಇನ್ನು ಕೆಲವು ಜಾತಿಗಳು ಕೋಶಕ್ಕೇ ಕೈ ಹಾಕುತ್ತವೆ. ಕಣಜಕ್ಕೆ ದವಡೆ ಇರುವುದರಿಂದ ಅದು ತನ್ನ ದಾರಿಯನ್ನು ತಾನೇ ಅಚ್ಚುಕಟ್ಟಾಗಿ ಕೊರೆದುಕೊಳ್ಳುತ್ತದೆ. ತೂತು ತುಸು ದೊಡ್ಡದಾಗಿ, ಅಂಚಿನಲ್ಲಿ ಸಿಪ್ಪೆಯ ಚೂರು ಅಂಟಿಕೊಂಡಿದ್ದರೆ ಮಾತ್ರ ನೊಣ ಗೆದ್ದಿದೆ. ಬೇಸಿಗೆ ಕಳೆದರೂ ತೂತೇ ಇಲ್ಲದಿದ್ದರೆ ಮರಿ ಒಳಗೇ ಸತ್ತಿದೆ ಎಂದರ್ಥ. ನಿತ್ಯಹಸಿರು ಎಲೆಯಾದ್ದರಿಂದ ಈ ದಾಖಲೆ ಬೇಗ ಉದುರಿಹೋಗುವುದೂ ಇಲ್ಲ. ಕೀಟಗಳ ಸಾವಿನ ಕಾರಣವನ್ನು ಹೀಗೆ ಬರಿಗೈಯಲ್ಲಿ ಓದಬಹುದಾದ ಗಿಡಗಳು ಅಪರೂಪ. ಬ್ರಿಟನ್ನಿನ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹಳೆಯ, ಮೆಚ್ಚಿನ ಪಾಠ.

ಗಿಡಕ್ಕೆ ಇದರಿಂದ ಅಂಥ ನಷ್ಟವೇನಿಲ್ಲ. ಚೆಂದ ಸ್ವಲ್ಪ ಕೆಡುತ್ತದೆ, ಅಷ್ಟೇ. ಸಿಂಪಡಿಸಿದ ಔಷಧ ಎರಡು ಪದರಗಳ ನಡುವಿನ ಮರಿಗೆ ತಾಗುವುದು ಕಷ್ಟ, ಹೊರಗೆ ಓಡಾಡುವ ಕಣಜಕ್ಕೆ ತಾಗುವುದು ಸುಲಭ. ಆದ್ದರಿಂದ ಅಲ್ಲಿ ಮನೆಮಾಡಿಕೊಂಡಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ಹಿತ್ತಿಲಿನ ಹಾಲಿಗೆ ವಿಷ ಹೊಡೆಯಬೇಡಿ. ಜುಲೈನಲ್ಲಿ ಮಕ್ಕಳ ಕೈಗೊಂದು ಲೆನ್ಸ್ ಕೊಟ್ಟು, ಮಚ್ಚೆಯ ಎಲೆಗಳನ್ನು ಒಂದೊಂದಾಗಿ ನೋಡಿ, ಹಕ್ಕಿಯ ಪಾಲೆಷ್ಟು, ಕಣಜದ ಪಾಲೆಷ್ಟು ಎಂದು ಎಣಿಸಲು ಹೇಳಿ.