ವಿಕಿರಣದ ನಂತರ ಮಾಯದ ಗಾಯ: ಸ್ವಂತ ಕೋಶಗಳಿಂದ ಚಿಕಿತ್ಸೆ ಸಾಧ್ಯವೇ?

ಕ್ಯಾನ್ಸರ್ ಗೆದ್ದವರಲ್ಲಿ ಕೆಲವರನ್ನು ಮತ್ತೊಂದು ಸಂಕಟ ತಡವಾಗಿ ಕಾಡುತ್ತದೆ. ವಿಕಿರಣ ಚಿಕಿತ್ಸೆ ಮುಗಿದು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಕಿರಣ ಬಿದ್ದ ಜಾಗದ ಚರ್ಮ ಒಡೆದು ಹುಣ್ಣಾಗುತ್ತದೆ. ಹಲ್ಲು ಕೀಳಿಸಿದ ಜಾಗ ಮಾಯದೆ ದವಡೆಯ ಮೂಳೆ ಹೊರಗೆ ಕಾಣತೊಡಗುತ್ತದೆ. ದಿನವೂ ಪಟ್ಟಿ ಬದಲಿಸಿದರೂ, ಆಂಟಿಬಯೋಟಿಕ್ ನುಂಗಿದರೂ ಗಾಯ ಹಾಗೆಯೇ ಉಳಿಯುತ್ತದೆ. ಇಂತಹ ಗಾಯಗಳನ್ನು ರೋಗಿಯ ದೇಹದ್ದೇ ಕೋಶಗಳಿಂದ ಗುಣಪಡಿಸುವ ಪ್ರಯತ್ನ ಸುಮಾರು ಎರಡು ದಶಕಗಳಿಂದ ನಡೆಯುತ್ತಿದೆ. ಫಲಿತಾಂಶ ಆಶಾದಾಯಕವಾಗಿದ್ದರೂ ಅದನ್ನು ಸಿದ್ಧ ಚಿಕಿತ್ಸೆ ಎಂದು ಕರೆಯುವ ಕಾಲ ಇನ್ನೂ ಬಂದಿಲ್ಲ.

ಗಾಯ ಏಕೆ ಮಾಯುವುದಿಲ್ಲ?

ಸಾಮಾನ್ಯ ಗಾಯವೊಂದು ಮಾಯಲು ಕ್ರಮಬದ್ಧ ಕೆಲಸ ನಡೆಯಬೇಕು. ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಜಾಗವನ್ನು ಶುಚಿಗೊಳಿಸುತ್ತವೆ, ಸೂಕ್ಷ್ಮ ರಕ್ತನಾಳಗಳು ಹೊಸದಾಗಿ ಚಿಗುರುತ್ತವೆ, ನಂತರ ಹೊಸ ಅಂಗಾಂಶ ತುಂಬಿಕೊಂಡು ಚರ್ಮ ಮುಚ್ಚುತ್ತದೆ. ವಿಕಿರಣ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಒಡೆಯುವಾಗ ಪಕ್ಕದ ಆರೋಗ್ಯವಂತ ಕೋಶಗಳಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ. ಸೂಕ್ಷ್ಮ ರಕ್ತನಾಳಗಳ ಒಳಪದರ ಹಾಳಾಗಿ ನಾಳಗಳು ಕಿರಿದಾಗುತ್ತವೆ. ಅಂಗಾಂಶ ನಾರುಗಟ್ಟಿ ಗಡುಸಾಗುತ್ತದೆ.

ದವಡೆ ಮೂಳೆಯ ಇಂತಹ ಗಾಯಕ್ಕೆ ಸೋಂಕೇ ಮೂಲ ಎಂಬ ನಂಬಿಕೆ ಬಹುಕಾಲ ಇತ್ತು. 1983ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಇದಕ್ಕೆ ಬೇರೆಯೇ ವಿವರಣೆ ನೀಡಿದರು. ಕಿರಣ ತಗುಲಿದ ಅಂಗಾಂಶದಲ್ಲಿ ಆಮ್ಲಜನಕ, ಜೀವಕೋಶ ಹಾಗೂ ರಕ್ತನಾಳ ಈ ಮೂರರ ಕೊರತೆಯೇ ತೊಂದರೆಯ ಮೂಲ ಎಂದರು. ಅಂಗಾಂಶ ನಾರುಗಟ್ಟುವುದೂ ಅಷ್ಟೇ ಮುಖ್ಯ ಕಾರಣ ಎಂದು ಮುಂದಿನ ಸಂಶೋಧಕರು ಸೇರಿಸಿದ್ದಾರೆ.

ತೆಳು ಚರ್ಮದ ಕಸಿ ಇಲ್ಲಿ ಹೆಚ್ಚಾಗಿ ಸೋಲುವುದೂ ಇದೇ ಕಾರಣಕ್ಕೆ. ಕಸಿ ಬದುಕಲು ಕೆಳಗಿನ ಅಂಗಾಂಶವೇ ರಕ್ತ ಪೂರೈಸಬೇಕು. ನೀರಿಲ್ಲದ ನೆಲದಲ್ಲಿ ಸಸಿ ನೆಟ್ಟರೆ ಅದು ಒಣಗದೆ ಇರದು. ಆದ್ದರಿಂದ ತೊಡೆ, ಬೆನ್ನು ಮೊದಲಾದ ಕಡೆಯಿಂದ ರಕ್ತನಾಳ ಸಹಿತವಾಗಿ ಅಂಗಾಂಶವನ್ನು ತಂದು ಜೋಡಿಸುವ ದೊಡ್ಡ ಶಸ್ತ್ರಕ್ರಿಯೆ ಬೇಕಾಗುತ್ತದೆ. ಕ್ಯಾನ್ಸರಿನಿಂದ ಬಳಲಿದ ದೇಹ ಅದನ್ನು ತಾಳಿಕೊಳ್ಳುವುದು ಸುಲಭವಲ್ಲ.

ಕೊಬ್ಬಿನಲ್ಲಿ ಅಡಗಿದ ಕೋಶಗಳು

ಲಿಪೊಸಕ್ಷನ್ ಮೂಲಕ ಹೊರತೆಗೆದು ಎಸೆಯುತ್ತಿದ್ದ ಕೊಬ್ಬಿನಲ್ಲಿ ಮೂಳೆ, ಮೃದ್ವಸ್ಥಿ, ಸ್ನಾಯುಗಳಾಗಿ ಬೆಳೆಯಬಲ್ಲ ಆಕರ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇವೆ ಎಂದು ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ಇಟಲಿಯ ವೆರೋನಾದ ಪ್ಲಾಸ್ಟಿಕ್ ಸರ್ಜನ್ ಜಿನೊ ರಿಗೊಟ್ಟಿ ಮತ್ತು ತಂಡ ಈ ಕೊಬ್ಬನ್ನೇ ಶುದ್ಧೀಕರಿಸಿ, ವಿಕಿರಣದಿಂದ ತೀವ್ರ ಹಾನಿಗೊಳಗಾಗಿದ್ದ 20 ರೋಗಿಗಳ ಅಂಗಾಂಶಕ್ಕೆ ಸೇರಿಸಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ರೋಗಲಕ್ಷಣಗಳು ಗಣನೀಯವಾಗಿ ತಗ್ಗಿದವು. ಸೂಕ್ಷ್ಮದರ್ಶಕದಡಿ ಹೊಸ ರಕ್ತನಾಳಗಳು ಕಂಡವು.

ಕೋಶಗಳು ತಾವೇ ಹೊಸ ಅಂಗಾಂಶವಾಗುತ್ತವೆ ಎಂದು ಮೊದಲು ಭಾವಿಸಲಾಗಿತ್ತು. ಅವು ಸ್ರವಿಸುವ ಬೆಳವಣಿಗೆ ಕಾರಕಗಳೇ ರಕ್ತನಾಳಗಳನ್ನು ಚಿಗುರಿಸಿ ಉರಿಯೂತವನ್ನು ಶಮನಗೊಳಿಸುತ್ತವೆ ಎಂಬುದು ಈಗಿನ ಪ್ರಬಲ ಅಭಿಪ್ರಾಯ. ಕೊಬ್ಬನ್ನು ಇದ್ದಂತೆಯೇ ಸೇರಿಸುವುದು, ಕಿಣ್ವ ಬಳಸಿ ಕೋಶಗಳನ್ನಷ್ಟೇ ಬೇರ್ಪಡಿಸುವುದು, ಪ್ರಯೋಗಾಲಯದಲ್ಲಿ ಅವುಗಳ ಸಂಖ್ಯೆ ಹೆಚ್ಚಿಸಿ ಕೊಡುವುದು, ಹೀಗೆ ಮೂರು ವಿಧಾನಗಳಿವೆ. ಜಪಾನಿನ ನಾಗಸಾಕಿಯ ವೈದ್ಯರು ಎರಡನೆಯದನ್ನು ವಿಕಿರಣದ ಹಳೆಯ ಹುಣ್ಣುಗಳಿಗೆ ಬಳಸಿ 2010ರಲ್ಲಿ ವರದಿ ಪ್ರಕಟಿಸಿದರು.

ಮೂಳೆಮಜ್ಜೆಯ ಕೋಶಗಳನ್ನೂ ಬಳಸಲಾಗಿದೆ. ಆ ಉದಾಹರಣೆ ಕ್ಯಾನ್ಸರ್ ರೋಗಿಯದಲ್ಲ, ಅಪಘಾತಕ್ಕೆ ಸಿಕ್ಕಿದ ಕಾರ್ಮಿಕನದು. 2005ರ ಡಿಸೆಂಬರ್‌ನಲ್ಲಿ ಚಿಲಿ ದೇಶದ ಕಾರ್ಮಿಕನೊಬ್ಬ ಕೆಳಗೆ ಬಿದ್ದಿದ್ದ ಇರಿಡಿಯಂ ವಿಕಿರಣ ಆಕರವನ್ನು ಅರಿಯದೆ ಎತ್ತಿ ಜೇಬಿಗಿಳಿಸಿ ತೀವ್ರ ಸುಟ್ಟಗಾಯಕ್ಕೆ ಒಳಗಾದ. ಫ್ರಾನ್ಸಿನ ಪರ್ಸಿ ಮಿಲಿಟರಿ ಆಸ್ಪತ್ರೆಯ ವೈದ್ಯರು ಹಾನಿಗೊಂಡ ಭಾಗವನ್ನು ಕತ್ತರಿಸಿ ತೆಗೆದು, ಚರ್ಮ ಕಸಿಯ ಜತೆಗೆ ಆತನದೇ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ನೀಡಿದರು. ಗಾಯ ಮಾಯಿತು.

ಪುರಾವೆ ಎಷ್ಟು ಗಟ್ಟಿ?

ಮೇಲಿನ ಪ್ರಯತ್ನಗಳೆಲ್ಲ ಬೆರಳೆಣಿಕೆಯ ರೋಗಿಗಳಿಗೆ ಸೀಮಿತ. ರಿಗೊಟ್ಟಿ ಅಧ್ಯಯನದಲ್ಲಿ ಹೋಲಿಕೆಗೆಂದು ಬೇರೆ ಗುಂಪು ಇರಲಿಲ್ಲ. ಶಸ್ತ್ರಕ್ರಿಯೆ, ಕಸಿ, ಕೋಶ ಎಲ್ಲವೂ ಒಟ್ಟಿಗೆ ನಡೆದಾಗ ಗುಣಪಡಿಸಿದ್ದು ಯಾವುದು ಎಂದು ಹೇಳುವುದು ಕಷ್ಟ.

ಇನ್ನೊಂದು ಆತಂಕವೂ ಇದೆ. ರಕ್ತನಾಳ ಚಿಗುರಿಸುವ ಕೋಶಗಳು ಉಳಿದುಕೊಂಡಿರಬಹುದಾದ ಕ್ಯಾನ್ಸರ್ ಕೋಶಕ್ಕೂ ಪೋಷಣೆ ನೀಡಿಯಾವೇ? ಸ್ತನ ಕ್ಯಾನ್ಸರಿನ ನಂತರ ಕೊಬ್ಬು ಕಸಿ ಮಾಡಿಸಿಕೊಂಡವರಲ್ಲಿ ರೋಗ ಹೆಚ್ಚಾಗಿ ಮರುಕಳಿಸಿಲ್ಲ ಎಂದೇ ಬಹುಪಾಲು ಅಧ್ಯಯನಗಳು ಹೇಳಿವೆ. ಆದರೂ ಎಚ್ಚರ ಅಗತ್ಯ. ಮಾಯದ ಹುಣ್ಣು ಮರಳಿ ಬಂದ ಕ್ಯಾನ್ಸರೇ ಆಗಿರಬಹುದು. ಆದ್ದರಿಂದ ಯಾವುದೇ ಚಿಕಿತ್ಸೆಗೆ ಮುನ್ನ ಆ ಶಂಕೆ ನಿವಾರಣೆಯಾಗಬೇಕು. ಅಗತ್ಯವೆನಿಸಿದರೆ ವೈದ್ಯರು ಬಯಾಪ್ಸಿ ಮಾಡಿಸುತ್ತಾರೆ.

ಭಾರತದಲ್ಲಿ ನಿಯಮ ಏನು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತ ಸಂಬಂಧಿ ಕಾಯಿಲೆಗಳಿಗೆ ನಡೆಸುವ ಮಜ್ಜೆ ಕಸಿಯಂತಹ ಮಾನ್ಯ ಬಳಕೆಗಳನ್ನು ಬಿಟ್ಟರೆ ಆಕರ ಕೋಶ ಚಿಕಿತ್ಸೆ ಅನುಮತಿ ಪಡೆದ ಕ್ಲಿನಿಕಲ್ ಪ್ರಯೋಗದಲ್ಲಿ ಮಾತ್ರ ನಡೆಯಬೇಕು. ಹೀಗಾಗಿ 'ಸ್ಟೆಮ್ ಸೆಲ್‌ನಿಂದ ಗ್ಯಾರಂಟಿ ಗುಣ' ಎಂದು ಲಕ್ಷಗಟ್ಟಲೆ ಹಣ ಕೇಳುವವರನ್ನು ಅನುಮಾನದಿಂದಲೇ ನೋಡಬೇಕು. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐಯಲ್ಲಿ ಆ ಪ್ರಯೋಗ ದಾಖಲಾಗಿದೆಯೇ ಎಂದು ಯಾರು ಬೇಕಾದರೂ ಅಂತರ್ಜಾಲದಲ್ಲಿ ಪರಿಶೀಲಿಸಬಹುದು.

ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿರುವ ನಮ್ಮಲ್ಲಿ ದವಡೆಗೆ ವಿಕಿರಣ ಪಡೆಯುವವರು ಅನೇಕರು. ಅವರ ಪಾಲಿಗೆ ಗಾಯ ಬರದಂತೆ ತಡೆಯುವುದೇ ಮೇಲು. ಹಾಳಾದ ಹಲ್ಲುಗಳನ್ನು ವಿಕಿರಣ ಆರಂಭಿಸುವ ಮೊದಲೇ ಕೀಳಿಸಿ, ಆ ಜಾಗ ಮಾಯಲು ಕೆಲವು ವಾರ ಬಿಡಬೇಕು. ಚಿಕಿತ್ಸೆ ಮುಗಿದು ಎಷ್ಟೇ ವರ್ಷವಾಗಿದ್ದರೂ ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ವಿಕಿರಣದ ವಿಷಯ ತಿಳಿಸಬೇಕು. ತಂಬಾಕು ತ್ಯಜಿಸುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಪೌಷ್ಟಿಕ ಆಹಾರ ಸೇವಿಸುವುದು ಇವೂ ಗಾಯ ಮಾಯಲು ನೆರವಾಗುತ್ತವೆ. ಕಿರಣ ಬಿದ್ದ ಜಾಗದಲ್ಲಿ ಹುಣ್ಣು ಕಂಡು ಎರಡು-ಮೂರು ವಾರವಾದರೂ ಮಾಯದಿದ್ದರೆ, ಮೊದಲು ಚಿಕಿತ್ಸೆ ನೀಡಿದ ಕ್ಯಾನ್ಸರ್ ವೈದ್ಯರನ್ನೇ ಮತ್ತೆ ಕಾಣುವುದು ಒಳಿತು.