ಗುರ್ಜಿ ಬಂದಿತು, ನೀರು ಹಾಕಿರಿ

ಮಕ್ಕಳೇ, ಮೃಗಶಿರಾ ಮಳೆಗೆ ನಮ್ಮ ರೈತರು 'ಮಿರಗ' ಎನ್ನುತ್ತಾರೆ. ಜೂನ್ ತಿಂಗಳ ಮೊದಲ ವಾರ ಮುಗಿಯುತ್ತಲೇ ಮಿರಗ ಕೂಡುತ್ತದೆ. ಹೊಲ ಹರಗಿ, ಬೀಜ ಹಸನು ಮಾಡಿಟ್ಟು, ಎಲ್ಲರೂ ಪಡುವಣದ ಕಡೆ ನೋಡುತ್ತಾರೆ. ಕೆಲವು ವರ್ಷ ಮಿರಗವೂ ಹೋಗುತ್ತದೆ, ಆರಿದ್ರಾ ಮಳೆಯೂ ಹೋಗುತ್ತದೆ. ಒಂದು ಹನಿಯೂ ಬೀಳುವುದಿಲ್ಲ. ಬಾವಿಯ ತಳ ಕಾಣುತ್ತದೆ. ದನಗಳಿಗೆ ಮೇವು ಸಿಗದು.

ಅಂಥ ಹೊತ್ತಿನಲ್ಲಿ ಉತ್ತರ ಕರ್ನಾಟಕದಲ್ಲಿಯೂ ಅದಕ್ಕೆ ತಾಗಿದ ಗಡಿಭಾಗದ ಕನ್ನಡ ಊರುಗಳಲ್ಲಿಯೂ ಗುರ್ಜಿ ಹೊರಡುತ್ತದೆ. ರೊಟ್ಟಿ ಸುಡುವ ಹಂಚನ್ನು ಬೋರಲು ಮಾಡಿ, ಅದರ ಮೇಲೆ ಸೆಗಣಿಯಿಂದ ಸಣ್ಣ ಮೂರ್ತಿ ಮಾಡುತ್ತಾರೆ. ಅದಕ್ಕೆ ಗರಿಕೆ ಚುಚ್ಚಿ, ಅರಿಸಿನ ಕುಂಕುಮ ಹಚ್ಚುತ್ತಾರೆ. ಒಬ್ಬ ಹುಡುಗ ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾನೆ. ಹಿಂದೆ ಮಕ್ಕಳ ಹಿಂಡು ಹಾಡುತ್ತ ಬರುತ್ತದೆ. ಮನೆಯೊಡತಿ ಕೊಡ ತಂದು ಗುರ್ಜಿಯ ಮೇಲೆ ನೀರು ಸುರಿಯುತ್ತಾಳೆ. ಹುಡುಗ ಗರಗರನೆ ತಿರುಗುತ್ತಾನೆ. ಸುತ್ತ ನಿಂತವರಿಗೆಲ್ಲ ನೀರು ಸಿಡಿಯುತ್ತದೆ!

ಆ ನೀರು ಎಂಥದು, ಯೋಚಿಸಿರಿ. ದೂರದ ಬಾವಿಯಿಂದ ಬಿಸಿಲಲ್ಲಿ ಹೊತ್ತು ತಂದದ್ದು. ಕುಡಿಯಲು ಬೇಕಾದ ನೀರನ್ನೇ ಆ ತಾಯಿ ಸುರಿಯುತ್ತಾಳೆ. ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ತಂದು ಕೊಡುತ್ತಾಳೆ. ಕೂಡಿಸಿದ್ದನ್ನು ಅಡಿಗೆ ಮಾಡಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಮನೆಯಲ್ಲಿ ಕಾಳು ತೀರಿದವರಿಗೂ ಆ ದಿನ ಊಟ ಸಿಗುತ್ತದೆ.

ಪಕ್ಕದ ಮರಾಠಿ ಊರುಗಳಲ್ಲಿ ಬೇವಿನ ಸೊಪ್ಪು ಕಟ್ಟಿಕೊಂಡ 'ಧೋಂಡಿ' ಬರುತ್ತಾನೆ. ಮುಸಲ್ಮಾನ ಬಂಧುಗಳು ಬಯಲಲ್ಲಿ ಸೇರಿ ಮಳೆಗಾಗಿ ವಿಶೇಷ ನಮಾಜು ಮಾಡುತ್ತಾರೆ. ಆಗ ಹೊದ್ದ ಬಟ್ಟೆಯನ್ನು ತಿರುವಿ ಹಾಕಿಕೊಳ್ಳುವ ರೂಢಿಯಿದೆ. ಕೆಟ್ಟ ಕಾಲವೂ ಹೀಗೆಯೇ ತಿರುಗಲಿ ಎಂಬುದು ಅದರ ಆಶಯ.

ಗುರ್ಜಿಯಿಂದ ಮಳೆ ಬರುತ್ತದೆಯೇ ಎಂದು ನೀವು ಕೇಳಬಹುದು. ಮಳೆಯನ್ನು ತರುವುದು ಅರಬ್ಬಿ ಸಮುದ್ರದ ಮೇಲಿನಿಂದ ಬೀಸುವ ಗಾಳಿ. ಅದು ತಂದ ನೀರಿನ ಬಹುಪಾಲು ಸಹ್ಯಾದ್ರಿಯಲ್ಲೇ ಸುರಿದು ಹೋಗುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ, ಅದರ ಮೂಡಣದ ಜತ್ತಕ್ಕೆ ಬರುವುದು ಸುಮಾರು ಹತ್ತರಲ್ಲೊಂದು ಪಾಲು. ಗುರ್ಜಿ ಆ ಗಾಳಿಯನ್ನು ತಿರುಗಿಸಲಾರದು. ಆದರೆ ಹೆದರಿ ಮನೆಯಲ್ಲಿ ಕುಳಿತವರನ್ನು ಅದು ಓಣಿಗೆ ಕರೆತರುತ್ತದೆ. ಅದೂ ಸಣ್ಣ ಮಾತಲ್ಲ.

1972ರಲ್ಲಿ ಮಹಾರಾಷ್ಟ್ರದಲ್ಲಿ ಭೀಕರ ಬರ ಬಿದ್ದಿತು. ಸರಕಾರವು ಬರಗಾಲದ ಕಾಮಗಾರಿಗಳನ್ನು ತೆರೆಯಿತು. ದೇವರಿಗೆ ಕೈಮುಗಿದ ಜನರೇ ಬುಟ್ಟಿ, ಗುದ್ದಲಿ ಹಿಡಿದು ಹೊರಟರು. ಲಕ್ಷಾಂತರ ಜನರು ಕಲ್ಲು ಒಡೆದರು, ರಸ್ತೆ ಮಾಡಿದರು, ಕೆರೆಗಳನ್ನು ಕಟ್ಟಿದರು. ನಿಮ್ಮ ಊರಿನ ಸುತ್ತ ಆ ವರ್ಷ ಕಟ್ಟಿದ ಕೆರೆ ಇದೆಯೇ? ಅಲ್ಲಿ ಮಣ್ಣು ಹೊತ್ತವರು ಯಾರು? ಅಜ್ಜ ಅಜ್ಜಿಯರನ್ನು ಕೇಳಿ ನೋಡಿರಿ.