ಸೂಕ್ಷ್ಮಜೀವಿ ತನ್ನ ಕೆಲಸ ಮಾಡಿತು, ಕೊಳ್ಳುವವರು ಬರಲಿಲ್ಲ: ಸಾರ್ನಿಯಾದ ಸಕ್ಸಿನಿಕ್ ಆಮ್ಲದ ಕಥೆ

ಪೆಟ್ರೋಲಿಯಂ ಬದಲು ಸಕ್ಕರೆಯಿಂದ ರಾಸಾಯನಿಕ, ಪ್ಲಾಸ್ಟಿಕ್, ಬಟ್ಟೆಯ ನೂಲು ಮಾಡೋದರ ಬಗ್ಗೆ ಸುದ್ದಿ ಓದಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ವಿಜ್ಞಾನ ಇಷ್ಟು ಮುಂದೆ ಹೋಗಿದೆ ಅಂದಮೇಲೆ ಅಂಗಡಿಯಲ್ಲಿ ಇವೆಲ್ಲ ಯಾಕೆ ಕಾಣಿಸ್ತಿಲ್ಲ? ಇವತ್ತು ಒಂದೇ ಒಂದು ಅಣುವನ್ನು ಹಿಡಿದು ಇದಕ್ಕೆ ಉತ್ತರ ಹುಡುಕೋಣ. ಅದರ ಹೆಸರು ಸಕ್ಸಿನಿಕ್ ಆಮ್ಲ.

ಇದು ಹೊಸದೇನಲ್ಲ. 1546ರಲ್ಲೇ ಜರ್ಮನಿಯ ಅಗ್ರಿಕೋಲ ಆಂಬರ್ ಅನ್ನು, ಅಂದರೆ ಕೋಟ್ಯಂತರ ವರ್ಷಗಳಲ್ಲಿ ಕಲ್ಲಿನಂತಾದ ಮರದ ಅಂಟನ್ನು, ಕಾಯಿಸಿ ಇಳಿಸಿ ಇದನ್ನು ಪಡೆದಿದ್ದ. ಲ್ಯಾಟಿನ್‌ನಲ್ಲಿ ಆಂಬರ್‌ಗೆ ಸಕ್ಸಿನಮ್ ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ನೀವು ಇದನ್ನು ಕೇಳುತ್ತಿರುವ ಈ ಕ್ಷಣದಲ್ಲೂ ನಿಮ್ಮ ಜೀವಕೋಶಗಳಲ್ಲಿ ಇದು ತಯಾರಾಗಿ ಖರ್ಚಾಗುತ್ತಲೇ ಇದೆ. ಪಿಯುಸಿಯಲ್ಲಿ ಕ್ರೆಬ್ಸ್ ಚಕ್ರ ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು.

ಅಣುವಿನಲ್ಲಿ ನಾಲ್ಕು ಇಂಗಾಲ, ಎರಡೂ ತುದಿಯಲ್ಲಿ ಒಂದೊಂದು ಆಮ್ಲದ ಗುಂಪು. ಎರಡು ಕೈ ಇರುವ ಅಣು ಅಂದುಕೊಳ್ಳಿ. ಎರಡು ಕೈ ಇದ್ದರೆ ಪಕ್ಕದವರ ಕೈ ಹಿಡಿದು ಸರಪಳಿ ಕಟ್ಟಬಹುದು, ಆ ಸರಪಳಿಯೇ ಪಾಲಿಮರ್. ಅದಕ್ಕೇ 2004ರಲ್ಲಿ ಅಮೆರಿಕದ ಇಂಧನ ಇಲಾಖೆ, ಸಕ್ಕರೆಯಿಂದ ಮಾಡಲು ಯೋಗ್ಯವಾದ 12 ಮೂಲ ರಾಸಾಯನಿಕಗಳ ಪಟ್ಟಿ ಪ್ರಕಟಿಸಿದಾಗ ಸಕ್ಸಿನಿಕ್ ಆಮ್ಲವೂ ಅದರಲ್ಲಿತ್ತು. ನಮ್ಮಂಥ ಜೀವವಿಜ್ಞಾನಿಗಳ ಒಂದು ಇಡೀ ಪೀಳಿಗೆಗೆ ಆ ಪಟ್ಟಿ ಪಂಚಾಂಗ ಇದ್ದಂತೆ. ಸಂಶೋಧನಾ ಹಣಕ್ಕೆ ಅರ್ಜಿ ಹಾಕುವಾಗ ಮೊದಲ ಪ್ಯಾರಾದಲ್ಲೇ ಅದು ಬರುತ್ತಿತ್ತು.

ಕಾಗದದ ಮೇಲೆ ಈ ಅಣುವಿನ ಲೆಕ್ಕ ನಿಜಕ್ಕೂ ಚೆನ್ನಾಗಿದೆ. ಗ್ಲೂಕೋಸ್ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 53 ಶೇಕಡಾ, ಆಮ್ಲಜನಕ. ನಮ್ಮ ದಿನಬಳಕೆಯ ಪಾಲಿಥೀನ್ ಚೀಲದಲ್ಲಿ ಆಮ್ಲಜನಕವೇ ಇಲ್ಲ. ಸಕ್ಕರೆಯಿಂದ ಪಾಲಿಥೀನ್ ಮಾಡಬೇಕಾದರೆ ಮೊದಲು ಎಥನಾಲ್ ಮಾಡಿ, ಆಮೇಲೆ ಅದರಿಂದ ನೀರು ತೆಗೆದು ಎಥಿಲೀನ್ ಮಾಡಬೇಕು. ದಾರಿಯಲ್ಲಿ ಆಮ್ಲಜನಕವೆಲ್ಲ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿ ಹೊರಟುಹೋಗುತ್ತದೆ. ಒಂದು ಟನ್ ಗ್ಲೂಕೋಸ್ ಹಾಕಿದರೆ, ಒಂದು ಹನಿಯೂ ಪೋಲಾಗದಿದ್ದರೂ, ಸಿಗೋದು ಸುಮಾರು 310 ಕೆಜಿ ಎಥಿಲೀನ್ ಮಾತ್ರ. ಕಾಸು ಕೊಟ್ಟು ಕೊಂಡ ಸಕ್ಕರೆಯ ಮೂರನೇ ಎರಡು ಭಾಗವನ್ನು ಬಿಟ್ಟುಕೊಟ್ಟ ಹಾಗೆ.

ಸಕ್ಸಿನಿಕ್ ಆಮ್ಲದಲ್ಲಿ ಆಮ್ಲಜನಕ 54 ಶೇಕಡಾ, ಹೆಚ್ಚುಕಮ್ಮಿ ಸಕ್ಕರೆಯಷ್ಟೇ. ಅದಲ್ಲದೆ ಇದನ್ನು ತಯಾರಿಸುವ ಮುಖ್ಯ ದಾರಿಯಲ್ಲಿ ಸೂಕ್ಷ್ಮಜೀವಿ ಕಾರ್ಬನ್ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಅಣುವಿಗೆ ಸೇರಿಸುತ್ತದೆ. ಹಾಗಾಗಿ ಸಿದ್ಧಾಂತದ ಪ್ರಕಾರ ಒಂದು ಟನ್ ಗ್ಲೂಕೋಸಿನಿಂದ ಒಂದು ಟನ್‌ಗಿಂತ ಹೆಚ್ಚು, 1.12 ಟನ್ ತನಕ ಆಮ್ಲ ಸಿಗಬಹುದು. ಹಾಕಿದ್ದಕ್ಕಿಂತ ಜಾಸ್ತಿ ಬರುತ್ತದೆ ಅಂದರೆ ಯಾರಿಗೆ ಬೇಡ?

ಒಂದು ತೊಡಕಿತ್ತು. ಮೊಸರು ತೀರಾ ಹುಳಿಯಾದ ಮೇಲೆ ಅದರಲ್ಲಿರುವ ಬ್ಯಾಕ್ಟೀರಿಯಾಗಳೇ ಮಂಕಾಗುತ್ತವಲ್ಲ, ಇಲ್ಲೂ ಹಾಗೆಯೇ. ತಾನೇ ತಯಾರಿಸಿದ ಆಮ್ಲ ತನಗೇ ಮುಳುವು. ಆದ್ದರಿಂದ ಬ್ಯಾಕ್ಟೀರಿಯಾ ಬಳಸುವವರು ಹುದುಗುವ ತೊಟ್ಟಿಗೆ ಸುಣ್ಣದಂಥ ಕ್ಷಾರ ಹಾಕುತ್ತಾ ಹುಳಿಯನ್ನು ತಗ್ಗಿಸಬೇಕು. ಆಗ ಕೈಗೆ ಸಿಗೋದು ಆಮ್ಲವಲ್ಲ, ಅದರ ಲವಣ. ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ನಮಗೆ ಬೇಕಾದ ಆಮ್ಲ ಬಿಡುಗಡೆಯಾಗುತ್ತದೆ, ಜೊತೆಗೆ ಜಿಪ್ಸಂ. ಎಷ್ಟು ಜಿಪ್ಸಂ ಅಂತೀರಿ? ಒಂದು ಟನ್ ಸಕ್ಸಿನಿಕ್ ಆಮ್ಲಕ್ಕೆ ಸುಮಾರು ಒಂದೂವರೆ ಟನ್! ಸರಕಿಗಿಂತ ಕಸವೇ ಹೆಚ್ಚು. ಈ ಉದ್ಯಮದಲ್ಲಿ ಖರ್ಚಿನ ದೊಡ್ಡ ಪಾಲು ಹೋಗೋದು ಹುದುಗಿಸುವುದಕ್ಕಲ್ಲ, ಹುದುಗಿದ ಮೇಲೆ ಸೋಸಿ, ಬೇರ್ಪಡಿಸಿ, ಶುದ್ಧ ಮಾಡುವುದಕ್ಕೆ.

ಪರಿಹಾರವಾಗಿ ಬಂದದ್ದು ಯೀಸ್ಟ್. ಬ್ರೆಡ್ಡು, ಬಿಯರ್ ಮಾಡುವ ಯೀಸ್ಟಿನ ಬಂಧುಗಳಲ್ಲಿ ಕೆಲವು ನಿಂಬೆರಸದ ಹತ್ತಿರದ ಹುಳಿಯಲ್ಲೂ ಆರಾಮಾಗಿ ಇರುತ್ತವೆ. ಅಂಥ ಒಂದು ಯೀಸ್ಟಿನ ವಂಶವಾಹಿಗಳನ್ನು ಬದಲಾಯಿಸಿ ಸಕ್ಸಿನಿಕ್ ಆಮ್ಲ ಮಾಡಿಸಿದರೆ ಸುಣ್ಣದ ಗೊಡವೆ, ಜಿಪ್ಸಂ ಗುಡ್ಡೆ ಎರಡೂ ಬಹುಪಾಲು ತಪ್ಪುತ್ತವೆ. ಇದು ಹತ್ತು ವರ್ಷಗಳ ಅದ್ಭುತ ಕೆಲಸ, ಹೊಗಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಈಗ ಕೆನಡಾಕ್ಕೆ ಬರೋಣ. ಒಂಟಾರಿಯೊದ ಸಾರ್ನಿಯಾ ಊರಿಗೆ ಕೆಮಿಕಲ್ ವ್ಯಾಲಿ ಅನ್ನೋ ಅಡ್ಡಹೆಸರಿದೆ. ನದಿಯ ಆಚೆ ದಡದಲ್ಲಿ ಅಮೆರಿಕದ ಮಿಶಿಗನ್, ಈಚೆ ದಡದಲ್ಲಿ ಸಾಲುಸಾಲು ರಿಫೈನರಿಗಳು. ಪಕ್ಕದ ಆಯಿಲ್ ಸ್ಪ್ರಿಂಗ್ಸ್‌ನಲ್ಲಿ 1858ರಲ್ಲೇ ತೈಲಬಾವಿ ತೋಡಿದ ಸೀಮೆ ಇದು. ಅಂಥ ಜಾಗದಲ್ಲಿ ಬಯೋಆಂಬರ್ ಅನ್ನುವ ಕಂಪನಿ, ಜಪಾನಿನ ಮಿತ್ಸುಯಿ ಜೊತೆ ಸೇರಿ, ವರ್ಷಕ್ಕೆ 30,000 ಟನ್ ಸಕ್ಸಿನಿಕ್ ಆಮ್ಲ ತಯಾರಿಸುವ ಕಾರ್ಖಾನೆ ಕಟ್ಟಿತು. ಯೀಸ್ಟ್ ಕಾರ್ಗಿಲ್‌ನದು, ಸಕ್ಕರೆ ಮೆಕ್ಕೆಜೋಳದ್ದು. ಕಂಪನಿ 2013ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಿತ್ತು, ಕೆನಡಾದ ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳ ನೆರವೂ ಇತ್ತು. 2015ರಲ್ಲಿ ಉದ್ಘಾಟನೆ. 2018ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ. ನೂರು ಮಿಲಿಯನ್ ಡಾಲರ್‌ಗೂ ಮೀರಿ ಖರ್ಚಾಗಿದ್ದ ಕಾರ್ಖಾನೆ ಅದರ ಅತಿ ಸಣ್ಣ ಪಾಲಿಗೆ ತೈವಾನಿನ ಎಲ್‌ಸಿವೈ ಕಂಪನಿಯ ಕೈಸೇರಿತು.

ಮೂರು ವರ್ಷದಲ್ಲಿ ಆದದ್ದೇನು? ಎಲ್ಲರೂ ತೋರಿಸುವ ಕಾರಣ ಕಚ್ಚಾ ತೈಲ. ಸುಳ್ಳಲ್ಲ. 2011ರಿಂದ 2014ರ ಮಧ್ಯದವರೆಗೆ ಬ್ಯಾರೆಲ್‌ಗೆ 100 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಸಕ್ಸಿನಿಕ್ ಆಮ್ಲವನ್ನು ಬ್ಯೂಟೇನ್‌ನಿಂದಲೂ ಮಾಡಬಹುದು. ಕೊಳ್ಳುವವರಿಗೆ ಎರಡೂ ಒಂದೇ ಅಣು. ಯೀಸ್ಟ್ ಮಾಡಿದ್ದು, ರಿಫೈನರಿ ಮಾಡಿದ್ದು ಅಂತ ಅಣುವಿನ ಮೇಲೆ ಮೊಹರು ಇರಲ್ಲ.

ಆದರೆ ತೈಲಕ್ಕಿಂತ ದೊಡ್ಡ ಕಾರಣ ಬೇರೆಯಿದೆ ಅಂತ ನಮ್ಮ ಅನಿಸಿಕೆ. ಅದೇ ಹೊತ್ತಿಗೆ ಇಟಲಿಯಲ್ಲಿ ರಿವರ್ಡಿಯಾ ವರ್ಷಕ್ಕೆ 10,000 ಟನ್ನಿನ ಕಾರ್ಖಾನೆ ತೆರೆದಿತ್ತು. ಸ್ಪೇನಿನಲ್ಲಿ ಸಕ್ಸಿನಿಟಿ, ಅದೂ 10,000. ಅಮೆರಿಕದ ಲೂಸಿಯಾನಾದಲ್ಲಿ ಮಿರಿಯಂಟ್, ಸುಮಾರು 13,600. ಸಾರ್ನಿಯಾವನ್ನೂ ಕೂಡಿಸಿದರೆ 63,000 ಟನ್ ದಾಟುತ್ತದೆ. ಆ ದಿನಗಳಲ್ಲಿ ಇಡೀ ಜಗತ್ತಿಗೆ ಬೇಕಾಗಿದ್ದ ಸಕ್ಸಿನಿಕ್ ಆಮ್ಲ, ಸಾಮಾನ್ಯವಾಗಿ ಉಲ್ಲೇಖಿಸುವ ಅಂದಾಜುಗಳ ಪ್ರಕಾರ, 30,000ದಿಂದ 50,000 ಟನ್. ಅಂದರೆ ನಾಲ್ಕೇ ಕಾರ್ಖಾನೆಗಳು ಪ್ರಪಂಚದ ಬೇಡಿಕೆಯನ್ನೆಲ್ಲ ಮೀರಿಸುವಷ್ಟು ಸರಕು ಮಾಡಲು ಸಜ್ಜಾಗಿ ಕೂತಿದ್ದವು. ಬೆಲೆ ಇಳಿದರೆ ಹೊಸ ಬಳಕೆಗಳು ತಾವಾಗಿ ಹುಟ್ಟುತ್ತವೆ ಅನ್ನುವುದು ಎಲ್ಲರ ನಂಬಿಕೆ. ಪ್ಲಾಸ್ಟಿಕ್, ಪಾಲಿಯುರಿಥೇನ್, ಬಣ್ಣ, ಬ್ಯೂಟೇನ್‌ಡಯಾಲ್, ಹೀಗೆ ಪಟ್ಟಿ ಉದ್ದವಿತ್ತು. ಆದರೆ ಶೂ ಸೋಲ್ ಮಾಡುವ ಕಂಪನಿ ತನ್ನ ಮಿಶ್ರಣದಲ್ಲಿ ಒಂದು ಅಣು ಬದಲಿಸಬೇಕಾದರೂ ವರ್ಷಗಟ್ಟಲೆ ಪರೀಕ್ಷೆ ಮಾಡುತ್ತದೆ. ಬ್ಯಾಂಕಿನ ಬಡ್ಡಿ ಅಷ್ಟು ದಿನ ಕಾಯಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಕಾರ್ಖಾನೆಯನ್ನು ಇಟ್ಟು ನೋಡೋಣ. ಅಮೆರಿಕದ ಟೆನೆಸಿಯ ಲೌಡನ್‌ನಲ್ಲಿ ಡ್ಯುಪಾಂಟ್ ಮತ್ತು ಟೇಟ್ ಅಂಡ್ ಲೈಲ್ 2006ರಲ್ಲಿ ಮೆಕ್ಕೆಜೋಳದ ಸಕ್ಕರೆಯಿಂದ ಪ್ರೊಪೇನ್‌ಡಯಾಲ್ ತಯಾರಿಸಲು ಶುರುಮಾಡಿದವು. ಇದರಿಂದ ಬರುವ ಪಾಲಿಯೆಸ್ಟರ್ ಜನರಿಗೆ ಗೊತ್ತಿದ್ದದ್ದು 1941ರಿಂದ. ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುವ, ಮೃದುವಾದ ನೂಲು ಅದು. ಕಾರ್ಪೆಟ್‌ಗೆ, ಬಟ್ಟೆಗೆ ಹೇಳಿ ಮಾಡಿಸಿದ್ದು. ಅದು ಬಳಕೆಗೆ ಬರದೆ ಉಳಿದದ್ದಕ್ಕೆ ಕಾರಣ, ಪೆಟ್ರೋಲಿಯಂನಿಂದ ಪ್ರೊಪೇನ್‌ಡಯಾಲ್ ಮಾಡುವ ದಾರಿಗಳೇ ದುಬಾರಿ. ಬ್ಯಾಕ್ಟೀರಿಯಾ ಆ ಕೊರತೆ ನೀಗಿಸಿತು. ಸೊರೋನಾ ಹೆಸರಿನ ನೂಲನ್ನು ಕೊಂಡವರು ಅದು ಹಸಿರು ಅಂತ ಮಾತ್ರ ಕೊಳ್ಳಲಿಲ್ಲ, ಚೆನ್ನಾಗಿದೆ ಅಂತ ಕೊಂಡರು. ತೈಲದ ಬೆಲೆ ಬಿದ್ದಾಗಲೂ ಲೌಡನ್ ನಿಲ್ಲಲಿಲ್ಲ. ಮಾಲೀಕರು ಬದಲಾಗಿದ್ದಾರೆ, ಕಾರ್ಖಾನೆ ನಡೆಯುತ್ತಿದೆ.

ಹೀಗೆ ನೋಡಿದರೆ ಹರಳೆಣ್ಣೆಯೇ ಈ ಕ್ಷೇತ್ರದ ಹಿರಿಯಣ್ಣ. ಹರಳೆಣ್ಣೆಯಿಂದ ನೈಲಾನ್-11 ಅನ್ನು ಫ್ರಾನ್ಸಿನಲ್ಲಿ 1940ರ ದಶಕದ ಕೊನೆಯಿಂದ ಮಾಡ್ತಿದ್ದಾರೆ. ಲಾರಿಗಳ ಏರ್ ಬ್ರೇಕ್ ಕೊಳವೆ, ಇಂಧನದ ಕೊಳವೆಗಳಲ್ಲಿ ಅದಿದೆ. ಜಗತ್ತಿನ ಹರಳು ಬೀಜದಲ್ಲಿ ಸಿಂಹಪಾಲು ಭಾರತದ್ದು, ಅದರಲ್ಲೂ ಗುಜರಾತಿನದು. ಅಜ್ಜಿ ತಲೆಗೆ ತಟ್ಟುತ್ತಿದ್ದ ಎಣ್ಣೆ ಅದೇ. ಅದನ್ನು ಯಾರೂ ಭವಿಷ್ಯದ ತಂತ್ರಜ್ಞಾನ ಅಂತ ಕರೆಯಲಿಲ್ಲ, ಅದು ಎಪ್ಪತ್ತೈದು ವರ್ಷಗಳಿಂದ ಲಾಭ ಮಾಡುತ್ತಲೇ ಇದೆ.

ಹಾಗಾದರೆ ಇದ್ದ ಅಣುವನ್ನೇ ಸಕ್ಕರೆಯಿಂದ ಮಾಡುವುದು ವ್ಯರ್ಥವಾ? ಹಾಗೆ ಹೇಳಲ್ಲ. ಬ್ರೆಜಿಲಿನ ಬ್ರಾಸ್ಕೆಮ್ 2010ರಿಂದ ಕಬ್ಬಿನ ಎಥನಾಲಿನಿಂದ ಪಾಲಿಥೀನ್ ಮಾಡ್ತಿದೆ. ನಾವು ಆಗಲೇ ಹೇಳಿದ 310 ಕೆಜಿ ಲೆಕ್ಕದ ಹೊರತಾಗಿಯೂ ಅದು ನಡೆಯುತ್ತಿದೆ, ಯಾಕಂದರೆ ಹೆಚ್ಚು ಬೆಲೆ ಕೊಡಲು ಒಪ್ಪುವ ಬ್ರಾಂಡುಗಳಿವೆ, ಅಲ್ಲಿ ಕಬ್ಬು ಅಗ್ಗ. ಅಮೆರಿಕದ ಅಯೋವಾದಲ್ಲಿ ಕಾರ್ಗಿಲ್ ಮತ್ತು ಹೆಲ್ಮ್ ಕಂಪನಿಗಳ ಕೋರ್, ಸಕ್ಕರೆಯಿಂದ ನೇರವಾಗಿ ಬ್ಯೂಟೇನ್‌ಡಯಾಲ್ ಮಾಡುವ ದೊಡ್ಡ ಕಾರ್ಖಾನೆಯನ್ನು 2025ರಲ್ಲಿ ತೆರೆದಿದೆ. ಸಾರ್ನಿಯಾ ಎರಡು ಹೆಜ್ಜೆಯಲ್ಲಿ ತಲುಪಬೇಕೆಂದಿದ್ದ ಸರಕು ಇದೇ. ವ್ಯತ್ಯಾಸ ಏನಂದರೆ ಕಾರ್ಖಾನೆ ಏಳುವ ಮೊದಲೇ ಲೈಕ್ರಾ ಕಂಪನಿ ಅದನ್ನು ಕೊಳ್ಳುವುದಾಗಿ ಮುಂದೆ ಬಂದಿತ್ತು.

ಮಂಡ್ಯ, ಬೆಳಗಾವಿ ಕಡೆಯ ಕೇಳುಗರ ಮನಸ್ಸಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ: ನಮ್ಮ ಕಬ್ಬಿನಿಂದ ಯಾಕಾಗಬಾರದು? ಉತ್ತರ ಪ್ರದೇಶದ ಕುಂಭಿಯಲ್ಲಿ ಬಲರಾಂಪುರ್ ಚೀನಿ ಮಿಲ್ಸ್, ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ ಪಿಎಲ್‌ಎ ಪ್ಲಾಸ್ಟಿಕ್ಕಿನ ಘಟಕಕ್ಕೆ ಕೈಹಾಕಿದೆ. ಸಕ್ಕರೆ ಅಲ್ಲೇ ಇದೆ, ಸಿಪ್ಪೆ ಉರಿಸಿದರೆ ಉಗಿ ಮತ್ತು ವಿದ್ಯುತ್ತು ಅಲ್ಲೇ ಸಿಗುತ್ತದೆ. ಇದು ಸಾರ್ನಿಯಾಕ್ಕೆ ಇಲ್ಲದಿದ್ದ ಅನುಕೂಲ. ಆದರೆ ಅದೇ ಕಬ್ಬಿನ ಹಾಲಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲಿನ ಪೈಪೋಟಿಯೂ ಇದೆ, ಅದಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆಯಿದೆ, ಖಚಿತ ಗಿರಾಕಿಯಿದೆ. ಪಿಎಲ್‌ಎಗೆ ಆ ಭದ್ರತೆ ಇಲ್ಲ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಸಾದಾ ಪಿಎಲ್‌ಎ ಲೋಟಕ್ಕೆ ಬಿಸಿಬಿಸಿ ಫಿಲ್ಟರ್ ಕಾಫಿ ಸುರಿಯುವ ಹಾಗಿಲ್ಲ. ಮೊಸರಿನ ಕಪ್ಪು, ತಣ್ಣನೆ ಜ್ಯೂಸಿನ ಲೋಟ, ತ್ರೀಡಿ ಪ್ರಿಂಟರಿನ ತಂತಿ, ಇಂಥ ಕಡೆ ಅದಕ್ಕೆ ಜಾಗ ಸಿಗಬಹುದು. ಕುಂಭಿಯ ಬಗ್ಗೆ ಸುದ್ದಿ ಬಂದಾಗ ವರ್ಷಕ್ಕೆ ಎಷ್ಟು ಟನ್ ಮಾಡ್ತಾರೆ ಅನ್ನೋದರ ಜೊತೆಗೆ, ಯಾರು ಎಷ್ಟು ವರ್ಷಕ್ಕೆ ಕೊಳ್ಳುವ ಒಪ್ಪಂದ ಮಾಡಿದ್ದಾರೆ ಅನ್ನೋ ಸಾಲನ್ನೂ ಹುಡುಕಿ ನೋಡಿ. ನಾವು ಓದುವುದು ಈಗ ಆ ಸಾಲಿನಿಂದಲೇ.

ಮುಂದಿನ ಸಂಚಿಕೆಯಲ್ಲಿ ಹರಳೆಣ್ಣೆ ನೈಲಾನ್ ಆಗುವ ಬಗೆಯನ್ನು ಬಿಡಿಸಿ ಹೇಳ್ತೀವಿ. ಅಲ್ಲಿಯವರೆಗೆ ನಮಸ್ಕಾರ.